ಡೂಮ್ ಕಟ್ಟಿದ ಭಾನುವಾರ

ಲಿನಕ್ಸ್‌ನಲ್ಲಿ ಗೇಮ್ ಬರೆಯಲು ಹೊರಟವರೆಲ್ಲ ಮೊದಲು ಕೇಳುವುದು ‘ಯಾವ ಕಂಪೈಲರ್ ಹಾಕಿಕೊಳ್ಳಲಿ?’ ಎಂದು. ಉಬುಂಟು, ಡೆಬಿಯನ್‌ಗಳಲ್ಲಾದರೆ ‘ಬಿಲ್ಡ್-ಎಸೆನ್ಶಿಯಲ್’ ಎಂಬ ಒಂದು ಪ್ಯಾಕೇಜ್ ಸಾಕು. ಜಿಸಿಸಿ, ಜಿ ಪ್ಲಸ್ ಪ್ಲಸ್, ಮೇಕ್ ಎಲ್ಲ ಒಟ್ಟಿಗೆ ಬಂದು ಕೂರುತ್ತವೆ. 1987ರಲ್ಲಿ ರಿಚರ್ಡ್ ಸ್ಟಾಲ್ಮನ್ ಮೊದಲು ಹೊರತಂದ ಜಿಸಿಸಿಗೆ ದುಡ್ಡೂ ಬೇಡ, ಲೈಸೆನ್ಸ್ ಕೀಯೂ ಬೇಡ. ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಯುವಷ್ಟರಲ್ಲಿ ಮುಗಿಯುವ ಕೆಲಸ. ತಲೆನೋವು ಶುರುವಾಗುವುದು ಆಮೇಲೆ.

ಹೊಸ ಕಂಪೈಲರನ್ನು ಪರೀಕ್ಷಿಸಲು ನಾನು ಆರಿಸಿಕೊಂಡದ್ದು 1993ರ ಡೂಮ್. ಅದರ ಸೋರ್ಸ್ ಕೋಡನ್ನು ಇಡ್ ಸಾಫ್ಟ್‌ವೇರ್ 1997ರ ಡಿಸೆಂಬರಿನಲ್ಲಿ ಬಿಟ್ಟುಕೊಟ್ಟಿತು. ಜಗತ್ತು ಆಡಿದ್ದು ಡಾಸ್ ಆವೃತ್ತಿಯನ್ನು. ಕೈಗೆ ಬಂದದ್ದು ಮಾತ್ರ ಲಿನಕ್ಸ್ ಆವೃತ್ತಿ. ಡಾಸ್‌ನಲ್ಲಿ ಬಳಸಿದ್ದ ಸೌಂಡ್ ಲೈಬ್ರರಿಯ ಹಕ್ಕು ಬೇರೆಯವರದಾಗಿತ್ತು, ಹಾಗಾಗಿ ಕೊಡುವಂತಿರಲಿಲ್ಲ. ಲಿನಕ್ಸಿಗರಿಗೆ ಅದೃಷ್ಟ ಒಲಿದದ್ದು ಹೀಗೆ.

ಮೇಕ್ ಕೊಟ್ಟೆ. ಎರಡೇ ನಿಮಿಷಕ್ಕೆ ತಕರಾರು. ಪರದೆಗೆ ಚಿತ್ರ ಹಾಕುವ ಫೈಲಿನಲ್ಲಿ ‘ಎರ್‌ನೋಸ್’ ಎಂಬ ಹೆಡರ್ ಕೇಳಿದ್ದಾರೆ. ಈಗಿನ ಲಿನಕ್ಸ್‌ನಲ್ಲಿ ಇರುವುದು ‘ಎರ್‌ನೋ’. ಒಂದು ಅಕ್ಷರ ಅಳಿಸಿದೆ. ಮುಂದಿನದು ಅಷ್ಟು ಸಲೀಸಲ್ಲ. ಸೆಟ್ಟಿಂಗ್ಸ್ ಉಳಿಸುವ ಕೋಡಿನಲ್ಲಿ ಮೆಮೊರಿಯ ವಿಳಾಸಗಳನ್ನು ಮಾಮೂಲಿ ಪೂರ್ಣಾಂಕಗಳಂತೆ ಇಟ್ಟಿದ್ದಾರೆ. 32 ಬಿಟ್ ಕಾಲದಲ್ಲಿ ಎರಡೂ ನಾಲ್ಕು ಬೈಟ್, ಹಾಗಾಗಿ ನಡೆದುಹೋಯಿತು. ಇವತ್ತಿನ ಯಂತ್ರದಲ್ಲಿ ವಿಳಾಸಕ್ಕೆ ಎಂಟು ಬೈಟ್ ಬೇಕು. ಪಾವಿನಲ್ಲಿ ಸೇರಕ್ಕಿ ಹಿಡಿಯುವುದಿಲ್ಲ. ಸದ್ಯದ ಉಪಾಯವೆಂದರೆ ಜಿಸಿಸಿ-ಮಲ್ಟಿಲಿಬ್ ಹಾಕಿಕೊಂಡು, 32 ಬಿಟ್‌ಗೇ ಕಟ್ಟು ಎಂದು ಕಂಪೈಲರಿಗೆ ಹೇಳುವುದು. ಕಿಟಕಿ ತೆರೆಯುವ ಎಕ್ಸ್11 ಲೈಬ್ರರಿಗಳೂ ಆಗ 32 ಬಿಟ್‌ನವೇ ಆಗಬೇಕು. ಮದುವೆಗೆ ಹುಡುಗನೊಬ್ಬ ಒಪ್ಪಿದರೆ ಆದೀತೇ?

ಕೊನೆಗೂ ಕಟ್ಟಿತು. ಓಡಿಸಿದರೆ, 256 ಬಣ್ಣದ ಪರದೆ ಬೇಕೆಂಬ ಹಟ! ಕೋಟಿಗಟ್ಟಲೆ ಬಣ್ಣ ತೋರಿಸುವ ಮಾನಿಟರಿನ ಮುಂದೆ, ಝೆಫರ್ ಎಂಬ ಪ್ರೋಗ್ರಾಂನಿಂದ ಎಂಟು ಬಿಟ್‌ನ ಪುಟ್ಟ ಪರದೆಯೊಂದನ್ನು ತೆರೆದುಕೊಟ್ಟೆ. ಅಂಗೈಯಗಲದ ಕಿಟಕಿಯಲ್ಲಿ ಡೂಮ್ ಎದ್ದು ಕೂತಿತು. ಇಷ್ಟೆಲ್ಲದರಲ್ಲಿ ಜಿಸಿಸಿಯದು ಒಂದೂ ತಪ್ಪಿರಲಿಲ್ಲ ಎಂಬುದನ್ನು ಗಮನಿಸಬೇಕು.

ಈಗ ಯಾರೂ ಎಕ್ಸ್11 ಜೊತೆ ನೇರವಾಗಿ ಗುದ್ದಾಡಬೇಕಿಲ್ಲ. ಸ್ಯಾಮ್ ಲ್ಯಾಂಟಿಂಗಾ 1998ರಲ್ಲಿ ಹೊರತಂದ ಎಸ್‌ಡಿಎಲ್ ಲೈಬ್ರರಿ ಕಿಟಕಿ, ಕೀಬೋರ್ಡ್, ಶಬ್ದ ಎಲ್ಲವನ್ನೂ ನೋಡಿಕೊಳ್ಳುತ್ತದೆ. ಇಲ್ಲಿ ಹೊಸಬರು ಎಡವುವ ಕಲ್ಲುಗಳು ಎರಡು. ಗೇಮ್ ಆಡಲು ಬೇಕಾದ ಎಸ್‌ಡಿಎಲ್ ನಿಮ್ಮ ಯಂತ್ರದಲ್ಲಿ ಆಗಲೇ ಇದ್ದೀತು, ಆದರೆ ಹೆಡರ್ ಫೈಲುಗಳಿರುವುದು ಹೆಸರಿನ ಕೊನೆಗೆ ‘ಡೆವ್’ ಎಂದಿರುವ ಬೇರೆ ಪ್ಯಾಕೇಜಿನಲ್ಲಿ. ಅದನ್ನೂ ಹಾಕಿದ ಮೇಲೆ ‘ಅನ್‌ಡಿಫೈನ್ಡ್ ರೆಫರೆನ್ಸ್’ ಎಂದು ಲಿಂಕರ್ ಗೊಣಗಿದರೆ, ಕಮಾಂಡಿನಲ್ಲಿ ಲೈಬ್ರರಿಯ ಹೆಸರು ಎಲ್ಲಿದೆ ನೋಡಿ. ನಿಮ್ಮ ಫೈಲಿನ ಹೆಸರಿಗಿಂತ ಮೊದಲು ಬರೆದಿದ್ದರೆ, ಆ ಕ್ಷಣಕ್ಕೆ ಅದು ಯಾರಿಗೂ ಬೇಕಿಲ್ಲವೆಂದು ಲಿಂಕರ್ ಕೈಬಿಟ್ಟಿರುತ್ತದೆ. ಕೊನೆಗೆ ಬರೆಯಿರಿ, ಸುಮ್ಮನಾಗುತ್ತದೆ. ಇದನ್ನು ತಿಳಿಯಲು ನನಗೆ ಒಂದಿಡೀ ರಾತ್ರಿ ಹಿಡಿದಿತ್ತು. ಕಂಪೈಲರನ್ನೇ ಎರಡು ಬಾರಿ ಕಿತ್ತು ಮತ್ತೆ ಹಾಕಿದ್ದೆ, ಪಾಪ.

ಎಸ್‌ಡಿಎಲ್‌ನಲ್ಲಿ ಬರೆದ ಪುಟ್ಟ ಚೌಕಾಬಾರವನ್ನು ಗೆಳೆಯನಿಗೆ ಕಳಿಸಿದೆ. ‘ಓಡ್ತಾ ಇಲ್ಲ ಮಾರಾಯ, ಜಿಲಿಬ್‌ಸಿ 2.34 ಇಲ್ಲ ಅಂತಿದೆ’ ಎಂದ. ಜಿಲಿಬ್‌ಸಿ ಎಂದರೆ ಉಬುಂಟುವಿನ ಮೂಲ ಸಿ ಲೈಬ್ರರಿ. ನಾನು ಕಟ್ಟಿದ್ದು ಉಬುಂಟು 22.04ರಲ್ಲಿ, ಅವನದು 20.04. ಹಳೆಯದರಲ್ಲಿ ಕಟ್ಟಿದ್ದು ಸಾಮಾನ್ಯವಾಗಿ ಹೊಸದರಲ್ಲಿ ಓಡುತ್ತದೆ, ಹೊಸದರಲ್ಲಿ ಕಟ್ಟಿದ್ದು ಹಳೆಯದರಲ್ಲಿ ಓಡುವ ಭರವಸೆಯಿಲ್ಲ. ಸ್ಟೀಮ್ ನಡೆಸುವ ವಾಲ್ವ್ ಕಂಪನಿ ಇದೇ ಕಾರಣಕ್ಕೆ ಡೆಬಿಯನ್ 11ರ ಮೇಲೆ ಕಟ್ಟಿದ ‘ಸ್ನೈಪರ್’ ಎಂಬ ಸಿದ್ಧ ಪರಿಸರವನ್ನು ಗೇಮ್ ಮಾಡುವವರಿಗೆ ಕೊಡುತ್ತದೆ.

ಅದೇ ಸಂಜೆ ನಾನೂ ಡೆಬಿಯನ್ 11ರ ಕಂಟೈನರ್ ಒಂದನ್ನು ತೆರೆದು, ಅದರೊಳಗೆ ಮೊದಲಿನಿಂದ ಬಿಲ್ಡ್-ಎಸೆನ್ಶಿಯಲ್ ಹಾಕತೊಡಗಿದೆ.