ಆಸ್ತಿವಹಿಯೂ ಭೂಕಂಪವೂ

ಭೂಕಂಪದ ಅಪಾಯ ಅತ್ಯಲ್ಪವೆಂದು ಅಂದಿನ ವಲಯನಕ್ಷೆಯಲ್ಲಿ ಗಣಿತವಾಗಿದ್ದ, ಕರ್ಣಾಟಕದ ಗಡಿಗೆ ಅನತಿದೂರದ ಕಿಲ್ಲಾರಿಯಲ್ಲಿ, 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಭೂಮಿ ನಡುಗಿ, ಕಲ್ಲುಮಣ್ಣಿನ ದಪ್ಪಗೋಡೆಗಳು ಮಲಗಿದ್ದವರ ಮೇಲೆ ಕುಸಿದು, ಸಹಸ್ರಾರು ಜನರು ಅಸುನೀಗಿದರು. ಭೂಕಂಪದಲ್ಲಿ ಪ್ರಾಣಹಾನಿಗೆ ಮುಖ್ಯ ಕಾರಣ ದುರ್ಬಲವಾದ ಕಟ್ಟಡವೆಂಬುದನ್ನು ಆ ದುರಂತವು ನಿಸ್ಸಂದೇಹವಾಗಿ ತೋರಿಸಿತು.

ಮಂಡ್ಯ, ಮದ್ದೂರು, ಮಳವಳ್ಳಿಗಳೂ ಕಡಿಮೆ ಅಪಾಯದ ಎರಡನೆಯ ವಲಯದಲ್ಲಿಯೇ ಇರುವುವು. ಆದರೆ ಅಪಾಯವು ಅಲ್ಪವೆಂದರೆ ಶೂನ್ಯವೆಂದರ್ಥವಲ್ಲ. ಈ ಊರುಗಳ ಹಳೆಯ ಕೇರಿಗಳಲ್ಲಿ ಮಣ್ಣಿನ ಗೋಡೆಯ ಹೆಂಚಿನ ಮನೆಗಳೂ ಹೊಸ ಬಡಾವಣೆಗಳಲ್ಲಿ ಕಾಂಕ್ರೀಟಿನ ಮಹಡಿಮನೆಗಳೂ ಇರುವುದರಿಂದ, ಒಂದೇ ಕಂಪನವು ಎಲ್ಲೆಡೆಯೂ ಒಂದೇ ಪ್ರಮಾಣದ ಹಾನಿಯನ್ನುಂಟುಮಾಡಲಾರದು. ಹಾಗಾದರೆ ರಕ್ಷಣಾದಳವು ಮೊದಲು ಯಾವ ಕೇರಿಗೆ ಧಾವಿಸಬೇಕು?

ಇದಕ್ಕೆ ಉತ್ತರವು ಬಹುಮಟ್ಟಿಗೆ ಆಸ್ತಿತೆರಿಗೆಯ ದಾಖಲೆಗಳಲ್ಲಿಯೇ ಅಡಗಿದೆ. ಪಟ್ಟಣಗಳಲ್ಲಿ ಇ-ಆಸ್ತಿ, ಗ್ರಾಮಗಳಲ್ಲಿ ಇ-ಸ್ವತ್ತು ಎಂಬ ಗಣಕೀಕೃತ ವ್ಯವಸ್ಥೆಗಳು ಈಗಾಗಲೇ ಇವೆ. ತೆರಿಗೆಯ ನಿರ್ಧಾರಕ್ಕಾಗಿ ಸಂಗ್ರಹಿಸುವ ಕಟ್ಟಡದ ವಿಸ್ತೀರ್ಣ, ವಯಸ್ಸು, ನಿರ್ಮಾಣದ ಬಗೆ, ಉಪಯೋಗ ಮೊದಲಾದ ವಿವರಗಳಿಗೆ ಗೋಡೆಯ ಸಾಮಗ್ರಿಯನ್ನೂ ನಿವಾಸಿಗಳ ಅಂದಾಜು ಸಂಖ್ಯೆಯನ್ನೂ ಸೇರಿಸಿ, ಕಂಪನದ ತೀವ್ರತೆಯ ನಕ್ಷೆಯೊಡನೆ ಹೊಂದಿಸಿದರೆ, ಹೆಚ್ಚು ಕುಸಿತವನ್ನು ನಿರೀಕ್ಷಿಸಬಹುದಾದ ಬೀದಿಗಳು ಅಲ್ಪಕಾಲದಲ್ಲಿಯೇ ಗೋಚರವಾಗುವುವು. ರಾತ್ರಿಯಾದರೆ ವಾಸದ ಮನೆಗಳಿಗೂ, ಹಗಲಾದರೆ ಶಾಲೆ, ಮಾರುಕಟ್ಟೆಗಳಿಗೂ ಆದ್ಯತೆ ಸಲ್ಲಬೇಕು. ಈ ಗಣನೆಯು ಅಂದಾಜೇ ಆದುದರಿಂದ ಸ್ಥಳಪರಿಶೀಲನೆ ಅನಿವಾರ್ಯ.

ಆದುದರಿಂದ ಸ್ಥಳೀಯಾಡಳಿತಗಳು ಈ ವಹಿಗಳನ್ನು ಜೀವರಕ್ಷಣೆಯ ಸಾಧನವೆಂದು ಭಾವಿಸಿ ವರ್ಷವರ್ಷವೂ ಪರಿಷ್ಕರಿಸಲಿ. ನಾಗರಿಕರಾದ ನಾವೂ ನಮ್ಮ ಮನೆಗಳ ವಿವರವನ್ನು ಯಥಾರ್ಥವಾಗಿ ಬರೆಯಿಸೋಣ.