ಹೆಸರಾಗುವ ಮೊದಲಿನ ಬಾಲು

ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ಹಾಡು ಕೇಳಿಸದ ಮನೆ ನಮ್ಮ ಗಡಿನಾಡಿನಲ್ಲಿ ಇರಲಾರದು. ಮದುವೆಯ ಚಪ್ಪರದಲ್ಲಿ, ಬಸ್ಸಿನಲ್ಲಿ, ಚಹಾದಂಗಡಿಯ ರೇಡಿಯೊದಲ್ಲಿ ಆ ಕಂಠ ಅರ್ಧ ಶತಮಾನಕ್ಕೂ ಮಿಕ್ಕಿ ನಮ್ಮ ಜೊತೆಗಿದೆ. 2020ರ ಸೆಪ್ಟೆಂಬರ್ 25ರಂದು ಅವರು ಚೆನ್ನೈಯಲ್ಲಿ ತೀರಿಕೊಂಡ ದಿನ, ಕನ್ನಡದ ಮನೆಗಳಲ್ಲೂ ನೆರೆಯ ಮಲಯಾಳದ ಮನೆಗಳಲ್ಲೂ ಒಂದೇ ಬಗೆಯ ಮೌನವಿತ್ತು. ನಮ್ಮವರೇ ಒಬ್ಬರು ಹೋದರೆಂದು ಎಲ್ಲರಿಗೂ ಅನಿಸಿತು.

ಆದರೆ ನಾವೆಲ್ಲ ಬಲ್ಲ ಕಂಠ ಯಾವುದು? ವಿಷ್ಣುವರ್ಧನ್, ಶಂಕರನಾಗ್, ಅಂಬರೀಷ್ ಅವರಿಗೆ ಹಾಡಿದ, ತುಂಬಿ ಬಂದ, ನಗುವನ್ನೂ ಅಳುವನ್ನೂ ಬೇಕೆಂದಾಗ ಕರೆದು ತರಬಲ್ಲ ಕಂಠ. ಅದಕ್ಕೂ ಮೊದಲು ಇನ್ನೊಂದು ಕಂಠವಿತ್ತು. ಎಳೆಯದು, ತುಸು ತೆಳುವಾದುದು, ಮೈಕಿನ ಮುಂದೆ ಎಚ್ಚರದಿಂದ ಹೆಜ್ಜೆ ಇಡುವಂಥದು. ಹಳೆಯ ಧ್ವನಿಮುದ್ರಿಕೆಗಳ ಹುಚ್ಚಿರುವ ನಾವು ಕಳೆದ ಕೆಲವು ವರ್ಷಗಳಿಂದ ಆ ಕಂಠದ ಬೆನ್ನು ಹತ್ತಿದ್ದೇವೆ. ಸಿಕ್ಕಿದ್ದನ್ನು ಕೇಳಿದ್ದೇವೆ, ಸಿಗದ್ದಕ್ಕೆ ಮರುಗಿದ್ದೇವೆ. ಕೇಳಿದ್ದರಲ್ಲಿ ಕೆಲವನ್ನು ಓದುಗರ ಜೊತೆ ಹಂಚಿಕೊಳ್ಳಬೇಕೆಂಬ ಆಸೆಯಿಂದ ಈ ಬರಹ.

ಬಾಲು ಹುಟ್ಟಿದ್ದು 1946ರ ಜೂನ್ 4ರಂದು. ಮಾತೃಭಾಷೆ ತೆಲುಗು. ತಂದೆ ಸಾಂಬಮೂರ್ತಿಯವರು ಹರಿಕಥಾ ವಿದ್ವಾಂಸರು. ಮಗ ಇಂಜಿನಿಯರ್ ಆಗಬೇಕೆಂಬುದು ಮನೆಯವರ ಬಯಕೆ; ಮಗನ ಬಯಕೆಯೂ ಅದೇ ಆಗಿತ್ತು. ಅನಂತಪುರದ ಇಂಜಿನಿಯರಿಂಗ್ ಕಾಲೇಜು ಸೇರಿದವರು ವಿಷಮಶೀತ ಜ್ವರದಿಂದ ಓದು ನಿಲ್ಲಿಸಬೇಕಾಯಿತು. ಬಳಿಕ ಮದರಾಸಿಗೆ ಬಂದು ಬೇರೆ ದಾರಿಯಿಂದ ಅದೇ ವಿದ್ಯೆಯನ್ನು ಮುಂದುವರಿಸಿದರು. ಹಾಡುಗಾರಿಕೆ ಆಗ ಬಿಡುವಿನ ಹವ್ಯಾಸ ಮಾತ್ರ. ಶಾಸ್ತ್ರೀಯ ಸಂಗೀತವನ್ನು ಗುರುಮುಖೇನ ಕ್ರಮವಾಗಿ ಕಲಿತವರೂ ಅಲ್ಲ. 1964ರಲ್ಲಿ ಮದರಾಸಿನ ತೆಲುಗು ಸಾಂಸ್ಕೃತಿಕ ಸಂಸ್ಥೆಯೊಂದು ಹವ್ಯಾಸಿಗಳಿಗಾಗಿ ನಡೆಸಿದ ಸ್ಪರ್ಧೆಯಲ್ಲಿ ಅವರಿಗೆ ಪ್ರಥಮ ಬಹುಮಾನ ಬಂತು. ಸಂಗೀತ ನಿರ್ದೇಶಕ ಎಸ್.ಪಿ. ಕೋದಂಡಪಾಣಿಯವರು ಈ ಹುಡುಗನ ಕಂಠವನ್ನು ಗುರುತಿಸಿದ್ದು ಇಂಥ ಸ್ಪರ್ಧೆಯಲ್ಲಿಯೇ.

1966ರ ಡಿಸೆಂಬರ್ 15ರಂದು ಕೋದಂಡಪಾಣಿಯವರ ಸಂಗೀತದಲ್ಲಿ 'ಶ್ರೀ ಶ್ರೀ ಶ್ರೀ ಮರ್ಯಾದ ರಾಮನ್ನ' ಎಂಬ ತೆಲುಗು ಚಿತ್ರಕ್ಕಾಗಿ ಬಾಲು ಅವರ ಮೊದಲ ಹಾಡು ಧ್ವನಿಮುದ್ರಣವಾಯಿತು. ಹಾಸ್ಯನಟ ಪದ್ಮನಾಭಂ ಅವರು ನಿರ್ಮಿಸಿದ ಚಿತ್ರ ಅದು. ಹಾಡು ಒಬ್ಬರದಲ್ಲ. ಪಿ. ಸುಶೀಲಾ, ಈಲಪಾಟ ರಘುರಾಮಯ್ಯ ಮತ್ತು ಪಿ.ಬಿ. ಶ್ರೀನಿವಾಸ್ ಅವರ ಜೊತೆಗೆ ನಾಲ್ಕನೆಯವರಾಗಿ ಈ ಹೊಸ ಹುಡುಗ. ಡಾ. ರಾಜಕುಮಾರ್ ಅವರ ಕಂಠವೆಂದೇ ಕನ್ನಡಿಗರು ತಿಳಿದಿದ್ದ ಪಿ.ಬಿ.ಎಸ್. ಅವರ ಪಕ್ಕದಲ್ಲಿ ನಿಂತು ಬಾಲು ಚಿತ್ರರಂಗಕ್ಕೆ ಕಾಲಿಟ್ಟರೆಂಬುದು ನಮಗೆ ಬಹಳ ಸಂತೋಷ ಕೊಟ್ಟ ಸಂಗತಿ.

ಇಂದಿನವರಿಗೆ ಆ ಕಾಲದ ಧ್ವನಿಮುದ್ರಣದ ಕಷ್ಟ ತಿಳಿಯದು. ವಾದ್ಯದವರೂ ಹಾಡುವವರೂ ಒಂದೇ ಸಮಯಕ್ಕೆ ಒಂದೇ ಕಡೆ ಸೇರಿ, ಹಾಡನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ಉಸಿರಿಗೆಂಬಂತೆ ಮುಗಿಸಬೇಕಿತ್ತು. ಪಿಟೀಲಿನವರೊಬ್ಬರು ತಪ್ಪಿದರೂ, ಗಾಯಕನ ಒಂದು ಅಕ್ಷರ ಜಾರಿದರೂ ಎಲ್ಲರೂ ಮತ್ತೆ ಮೊದಲಿನಿಂದ ಆರಂಭಿಸಬೇಕು. ತಪ್ಪಿದ ತುಣುಕನ್ನಷ್ಟೇ ತಿದ್ದಿ ಅಂಟಿಸುವ ಇಂದಿನ ಸೌಕರ್ಯ ಇರಲಿಲ್ಲ. ಇಪ್ಪತ್ತು ವರ್ಷದ ಹುಡುಗನೊಬ್ಬ ಮೂವರು ಹಿರಿಯರ ನಡುವೆ ನಿಂತಾಗ ಎದೆ ಎಷ್ಟು ಹೊಡೆದುಕೊಂಡಿರಬೇಕು!

ಈ ಮೊದಲ ಹಾಡಿನ ಬಗ್ಗೆ ಬಾಲು ಅವರು ಆಗಾಗ ನೆನಪಿಸಿಕೊಳ್ಳುತ್ತಿದ್ದ ಒಂದು ಸಂಗತಿಯುಂಟು. ಕೆಲಸ ಮುಗಿದ ಮೇಲೆ ಟೇಪನ್ನು ಅಳಿಸಿ ಮತ್ತೊಂದು ಹಾಡಿಗೆ ಬಳಸುವುದು ಅಂದಿನ ವಾಡಿಕೆ. ಆದರೆ ಈ ಹಾಡಿನ ಟೇಪನ್ನು ಕೆಲಕಾಲ ಅಳಿಸದೆ ಇಡಬೇಕೆಂದು ಕೋದಂಡಪಾಣಿಯವರು ಧ್ವನಿಮುದ್ರಣ ಮಾಡುವವರಲ್ಲಿ ಕೇಳಿಕೊಂಡರು. ಅಲ್ಲಿಗೆ ಬರುವ ಬೇರೆ ಸಂಗೀತ ನಿರ್ದೇಶಕರಿಗೆ ಅದನ್ನು ಕೇಳಿಸಿ, ಈ ಹುಡುಗನಿಗೆ ಇನ್ನೊಂದೆರಡು ಅವಕಾಶ ದೊರಕಿಸಬೇಕೆಂಬುದೇ ಅವರ ಉದ್ದೇಶ. ತನಗೆ ಸಿಕ್ಕಿದ ಒಳ್ಳೆಯ ಕಂಠವನ್ನು ತನ್ನ ಚಿತ್ರಕ್ಕೇ ಕಟ್ಟಿಹಾಕಿಕೊಳ್ಳದೆ ಹತ್ತು ಮಂದಿಗೆ ಹಂಚಲು ಹೊರಟ ಆ ದೊಡ್ಡತನಕ್ಕೆ ನಮಸ್ಕರಿಸಬೇಕು. ಕೋದಂಡಪಾಣಿಯವರು 1974ರಲ್ಲಿ ತೀರಿಕೊಂಡರು. ಮುಂದೆ ಬಾಲು ಮದರಾಸಿನಲ್ಲಿ ಸ್ವಂತ ಧ್ವನಿಮುದ್ರಣ ಮಂದಿರ ಕಟ್ಟಿದಾಗ ಅದಕ್ಕೆ ಇಟ್ಟದ್ದು ಗುರುವಿನ ಹೆಸರನ್ನೇ.

ಇನ್ನು ನಮಗೆ ಅತ್ಯಂತ ಹತ್ತಿರದ ವಿಷಯಕ್ಕೆ ಬರೋಣ. ತೆಲುಗಿನ ಆ ಮೊದಲ ಹಾಡಾಗಿ ಎಂಟೇ ದಿನಗಳಲ್ಲಿ ಬಾಲು ಎರಡನೆಯ ಹಾಡನ್ನು ಹಾಡಿದರು. ಅದು ಕನ್ನಡದ ಹಾಡು. ಚಿತ್ರ 1967ರಲ್ಲಿ ತೆರೆಕಂಡ 'ನಕ್ಕರೆ ಅದೇ ಸ್ವರ್ಗ'. ನಗೆನಟ ನರಸಿಂಹರಾಜು ನಾಯಕರಾಗಿದ್ದ ಚಿತ್ರ. ಸಂಗೀತ ಎಂ. ರಂಗರಾವ್ ಅವರದು. ಪಿ. ಸುಶೀಲಾ ಅವರೊಂದಿಗಿನ ಯುಗಳಗೀತೆ. ತಮಿಳು ಬಾಲುವನ್ನು ತನ್ನವರೆಂದು ಕರೆಯುವ ಮೊದಲೇ, ಮಲಯಾಳಕ್ಕೆ ಅವರ ಹೆಸರು ತಿಳಿಯುವ ಮೊದಲೇ, ಹಿಂದಿಯಂತೂ ಕನಸಿನಲ್ಲೂ ಇಲ್ಲದಿದ್ದಾಗ ಕನ್ನಡ ಅವರಿಗೆ ಬಾಗಿಲು ತೆರೆದಿತ್ತು. ಇದು ನಮ್ಮಲ್ಲೇ ಎಷ್ಟೋ ಮಂದಿಗೆ ಗೊತ್ತಿಲ್ಲ.

ಈ ಹಾಡನ್ನು ನಾವು ಮೊದಲು ಕೇಳಿದ್ದು ಕೈಯಿಂದ ಕೈಗೆ ದಾಟಿ ಸವೆದ ಕ್ಯಾಸೆಟ್ಟಿನಲ್ಲಿ. ಗರಗರ ಸದ್ದಿನ ನಡುವೆ ಒಂದು ಎಳೆಯ ಧ್ವನಿ ತೇಲಿ ಬಂದಾಗ, ಹಾಡಿದವರು ಯಾರೆಂದು ನಮ್ಮ ಮನೆಯ ಮಕ್ಕಳಿಗೆ ಗುರುತು ಸಿಗಲಿಲ್ಲ. ಹೆಸರು ಹೇಳಿದಾಗ ಅವರು ನಂಬಲೂ ಇಲ್ಲ. ಕಂಠದಲ್ಲಿ ಇನ್ನೂ ಭಾರ ಕೂಡಿಲ್ಲ. ಮುಂದೆ ಅವರ ಗುರುತಾದ ಸಣ್ಣ ನಗು, ಸಾಲಿನ ಕೊನೆಯಲ್ಲಿ ಸ್ವರವನ್ನು ಮೆಲ್ಲನೆ ಬಳುಕಿಸುವ ಬೆಡಗು, ಇವು ಯಾವುವೂ ಇನ್ನೂ ಬಂದಿಲ್ಲ. ಪಕ್ಕದಲ್ಲಿ ಸುಶೀಲಾ ಅವರ ನುರಿತ ಕಂಠ ಸಲೀಸಾಗಿ ಹರಿಯುವಾಗ, ಹುಡುಗ ಅವರ ಕೈ ಹಿಡಿದು ಹೊಳೆ ದಾಟುವವನ ಹಾಗೆ ಕೇಳಿಸುತ್ತಾನೆ. ಆದರೆ ಎರಡನೆಯ ಬಾರಿ, ಮೂರನೆಯ ಬಾರಿ ಕೇಳಿದಾಗ ಒಂದು ವಿಷಯ ಗಮನಕ್ಕೆ ಬರುತ್ತದೆ. ಅಕ್ಷರಗಳು ಸ್ಪಷ್ಟ. ತಿಳಿಯದ ಭಾಷೆಯನ್ನು ನುಂಗಿ ಹಾಕಿ ರಾಗದಲ್ಲಿ ಮುಚ್ಚಿಬಿಡುವ ಉಪಾಯ ಅಲ್ಲಿಲ್ಲ.

ತೆಲುಗು ಕನ್ನಡಗಳ ಲಿಪಿಗಳು ಅಕ್ಕತಂಗಿಯರಂತಿದ್ದರೂ ನುಡಿಯ ಬಳುಕು ಬೇರೆ ಬೇರೆ. ತೆಲುಗಿನ ನಾಲಿಗೆ ಕನ್ನಡದ ಪದದ ಕೊನೆಯನ್ನು ತನ್ನ ಕಡೆಗೆ ಎಳೆದುಕೊಳ್ಳುವುದು ಬಹಳ ಸುಲಭ. ಆ ಎಳೆತವನ್ನು ಈ ಹುಡುಗ ಮೊದಲ ಕನ್ನಡ ಹಾಡಿನಲ್ಲೇ ತಡೆದಿದ್ದಾನೆ ಎಂದು ನಮ್ಮ ಕಿವಿಗೆ ತೋರುತ್ತದೆ.

ತಮಿಳಿನಲ್ಲಿ ಇಷ್ಟು ಸುಲಭವಾಗಲಿಲ್ಲ. ಎಂ.ಎಸ್. ವಿಶ್ವನಾಥನ್ ಅವರು ಹುಡುಗನ ಕಂಠವನ್ನು ಮೆಚ್ಚಿದರೂ, ಮೊದಲು ತಮಿಳು ಉಚ್ಚಾರ ತಿದ್ದಿಕೊಂಡು ಬಾ ಎಂದು ಹೇಳಿ ಕಳುಹಿಸಿದರು. ಮುಂದೆ ಅವರ ಸಂಗೀತದಲ್ಲೇ 'ಹೋಟೆಲ್ ರಂಭಾ' ಎಂಬ ಚಿತ್ರಕ್ಕೆ ಎಲ್.ಆರ್. ಈಶ್ವರಿಯವರ ಜೊತೆ ಹಾಡಿದ್ದಾಯಿತು. ದುರದೃಷ್ಟವೆಂದರೆ ಆ ಚಿತ್ರ ತೆರೆ ಕಾಣಲೇ ಇಲ್ಲ. ಬಾಲು ಅವರ ಮೊದಲ ತಮಿಳು ಹಾಡನ್ನು ಜನ ಚಿತ್ರಮಂದಿರದಲ್ಲಿ ಕೇಳಲಾಗಲಿಲ್ಲ. ನಾವು ಹುಡುಕಿ ಸೋತ ಹಾಡುಗಳಲ್ಲಿ ಅದೂ ಒಂದು.

ತಮಿಳುನಾಡು ಅವರನ್ನು ನಿಜವಾಗಿ ಕೇಳಿದ್ದು 1969ರಲ್ಲಿ, 'ಶಾಂತಿ ನಿಲಯಂ' ಮತ್ತು 'ಅಡಿಮೈ ಪೆಣ್' ಚಿತ್ರಗಳಲ್ಲಿ. ಎರಡನೆಯದರ ನಾಯಕ ಎಂ.ಜಿ. ರಾಮಚಂದ್ರನ್. ಧ್ವನಿಮುದ್ರಣದ ಹೊತ್ತಿಗೆ ಬಾಲು ಜ್ವರ ಹಿಡಿದು ಮಲಗಿದರು. ಬೇರೆಯವರಿಂದ ಹಾಡಿಸಿರುತ್ತಾರೆಂದೇ ಅವರು ಆಸೆ ಬಿಟ್ಟಿದ್ದರು. ಆದರೆ ಎಂ.ಜಿ.ಆರ್. ಚಿತ್ರೀಕರಣವನ್ನು ಮುಂದೂಡಿ ಈ ಹುಡುಗನಿಗಾಗಿ ಕಾದರು. ನನಗೆ ಹಾಡುತ್ತೇನೆಂದು ಗೆಳೆಯರಲ್ಲಿ ಹೇಳಿಕೊಂಡಿರುತ್ತಾನೆ, ಅವನಿಗೆ ನಿರಾಶೆಯಾಗಬಾರದು ಎಂಬುದು ಅವರು ಕೊಟ್ಟ ಕಾರಣವೆಂದು ಬಾಲು ಕೊನೆಯವರೆಗೂ ಕೃತಜ್ಞತೆಯಿಂದ ಹೇಳುತ್ತಿದ್ದರು.

ಅದೇ 1969ರಲ್ಲಿ ಮಲಯಾಳವೂ ಅವರನ್ನು ಕರೆಯಿತು. ಚಿತ್ರ 'ಕಡಲ್‌ಪಾಲಂ', ಸಂಗೀತ ಜಿ. ದೇವರಾಜನ್, ಸಾಹಿತ್ಯ ವಯಲಾರ್ ರಾಮವರ್ಮ ಅವರದು. ಯೇಸುದಾಸರ ಕಂಠ ಮನೆಮನೆಯಲ್ಲಿ ನೆಲೆಸಿದ್ದ ಕಾಲದಲ್ಲಿ ಹೊರಗಿನವನೊಬ್ಬ ಬಂದು ಹಾಡುವುದು ಸಾಮಾನ್ಯ ಮಾತಲ್ಲ. ಮಲಯಾಳದಲ್ಲಿ ಬಾಲು ಹಾಡಿದ್ದು ಉಳಿದ ಮೂರು ದಕ್ಷಿಣದ ಭಾಷೆಗಳಿಗಿಂತ ಬಹಳ ಕಡಿಮೆ. ಆದರೂ ಈ ಒಂದು ಹಾಡನ್ನು ನಮ್ಮ ಜಿಲ್ಲೆಯ ಕಿವಿಗಳು ಬೇರೆಯವರಿಗಿಂತ ಚೆನ್ನಾಗಿ ಪರೀಕ್ಷಿಸಬಲ್ಲವು. ಏಕೆಂದರೆ ತಮಿಳು ಮಲಯಾಳಗಳಲ್ಲಿ ಒಂದು ವಿಶೇಷ ಅಕ್ಷರವುಂಟು. ನಾವು ಮಳೆ, ಹೊಳೆ ಎಂದಾಗ ಬರುವ ಳಕಾರದ ಜಾಗದಲ್ಲಿ ನೆರೆಯವರು ನಾಲಿಗೆಯನ್ನು ಹಿಂದಕ್ಕೆ ಮಡಚಿ ಉಲಿಯುವ ಅಕ್ಷರ ಅದು. ಹಳಗನ್ನಡದಲ್ಲೂ ಅದು ೞ ಎಂಬ ರೂಪದಲ್ಲಿತ್ತು. ನಡುಗನ್ನಡದ ಹೊತ್ತಿಗೆ ಬಿಟ್ಟುಹೋಯಿತು. ಇಂದಿನ ತೆಲುಗಿನಲ್ಲಂತೂ ಇಲ್ಲ. ತೆಲುಗಿನಲ್ಲಿ ಬೆಳೆದವನು ಅದನ್ನು ಕಲಿಯಬೇಕಾದರೆ ಮಗುವಿನ ಹಾಗೆ ಮೊದಲಿನಿಂದ ಕಲಿಯಬೇಕು. ಶಾಲೆಯಲ್ಲಿ ಎರಡು ಭಾಷೆಗಳ ನಡುವೆ ಬೆಳೆದ ನಮ್ಮ ಮಕ್ಕಳಿಗೆ ಆ ಕಷ್ಟವೇನೆಂದು ವಿವರಿಸಬೇಕಾಗಿಲ್ಲ.

ಮತ್ತೆ ಕನ್ನಡಕ್ಕೆ ಬಂದರೆ, 1967ರಿಂದ ಕೆಲವು ವರ್ಷ ಬಾಲು ಇಲ್ಲಿ ಬಂದುಹೋಗುವ ಅತಿಥಿ. ಕನ್ನಡದಲ್ಲಿ ಆಗ ಪಿ.ಬಿ.ಎಸ್. ಅವರ ಕಾಲ. ಅವರ ಕಂಠ ನಡೆದ ದಾರಿಯಲ್ಲಿ ಇನ್ನೊಬ್ಬರಿಗೆ ಜಾಗ ಕಡಿಮೆ. 1972ರ 'ನಾಗರಹಾವು' ಚಿತ್ರದಲ್ಲಿ ವಿಜಯಭಾಸ್ಕರ್ ಸಂಗೀತಕ್ಕೆ, ಹೊಸ ನಟ ವಿಷ್ಣುವರ್ಧನ್ ಅವರ ಸಿಟ್ಟಿಗೆ ಬಾಲು ಕಂಠ ಕೊಟ್ಟಾಗ ಜನ ತಿರುಗಿ ನೋಡಿದರು. ಐದಾರು ವರ್ಷದ ಹಿಂದಿನ ಎಳೆಗೊರಳಿನಲ್ಲಿ ಈಗ ಕಾವು ತುಂಬಿತ್ತು. 1975ರ 'ದೇವರ ಗುಡಿ', 1976ರ 'ಬಯಲುದಾರಿ' ಚಿತ್ರಗಳಲ್ಲಿ ರಾಜನ್-ನಾಗೇಂದ್ರ ಅವರ ಮಾಧುರ್ಯ ಸೇರಿದ ಮೇಲೆ ಅವರು ಅತಿಥಿಯಾಗಿ ಉಳಿಯಲಿಲ್ಲ, ಮನೆಯವರೇ ಆದರು. 'ನಕ್ಕರೆ ಅದೇ ಸ್ವರ್ಗ', 'ನಾಗರಹಾವು', 'ಬಯಲುದಾರಿ' ಈ ಮೂರರ ಹಾಡುಗಳನ್ನು ಒಂದರ ಬೆನ್ನಿಗೆ ಒಂದು ಕೇಳಿ ನೋಡಿ ಎಂದು ಓದುಗರಲ್ಲಿ ನಮ್ಮ ವಿನಂತಿ. ಹತ್ತು ವರ್ಷಗಳಲ್ಲಿ ಒಂದು ಸಸಿ ಮರವಾದುದನ್ನು ಅರ್ಧ ಗಂಟೆಯಲ್ಲಿ ಕಾಣಬಹುದು.

ಮುಂದಿನ ಕಥೆ ಎಲ್ಲರೂ ಬಲ್ಲದ್ದೇ. 1981ರ ಫೆಬ್ರವರಿ 8ರಂದು ಬೆಂಗಳೂರಿನಲ್ಲಿ ಉಪೇಂದ್ರಕುಮಾರ್ ಅವರಿಗಾಗಿ ಬೆಳಗ್ಗೆ 9ರಿಂದ ರಾತ್ರಿ 9ರ ತನಕ 21 ಕನ್ನಡ ಹಾಡುಗಳನ್ನು ಹಾಡಿ ಮುಗಿಸಿದರು. ರಾಷ್ಟ್ರಪ್ರಶಸ್ತಿ 6 ಬಾರಿ ಬಂತು. ತೆಲುಗು, ಹಿಂದಿ, ತಮಿಳು ಹಾಡುಗಳ ಜೊತೆಗೆ, 1995ರ 'ಸಂಗೀತ ಸಾಗರ ಗಾನಯೋಗಿ ಪಂಚಾಕ್ಷರ ಗವಾಯಿ' ಎಂಬ ಕನ್ನಡ ಚಿತ್ರಕ್ಕೂ ಅದು ಬಂತೆಂಬುದು ನಮಗೆ ಹೆಮ್ಮೆ. ಎಲ್ಲ ಭಾಷೆಗಳಲ್ಲಿ ಸೇರಿ ಅವರು ಹಾಡಿದ ಹಾಡುಗಳು 40,000 ಎಂದು ಜನ ಲೆಕ್ಕ ಹೇಳುತ್ತಾರೆ.

ಆದರೂ ನಮ್ಮ ಮನಸ್ಸು ಮತ್ತೆ ಮತ್ತೆ ಹೋಗುವುದು ಆ ಎಂಟು ದಿನಗಳ ಅಂತರದ ಎರಡು ಹಾಡುಗಳಿಗೇ. ಹೆಸರಿಲ್ಲ, ಹಣವಿಲ್ಲ, ನಾಳೆ ಯಾರಾದರೂ ಕರೆಯುತ್ತಾರೆಂಬ ಭರವಸೆಯೂ ಇಲ್ಲ. ಆಗಲೂ ಆ ಹುಡುಗ ಇನ್ನೊಬ್ಬರ ನುಡಿಯನ್ನು ಸಸಾರ ಮಾಡಲಿಲ್ಲ. ತೆಲುಗನ್ನು ಬಿಟ್ಟುಕೊಟ್ಟು ಕನ್ನಡ ಕಲಿತದ್ದಲ್ಲ, ಕನ್ನಡ ಬಂತೆಂದು ತಮಿಳನ್ನು ಹಗುರಾಗಿ ಕಂಡದ್ದೂ ಅಲ್ಲ. ಮನೆಯಲ್ಲಿ ಒಂದು ಮಾತು, ಅಂಗಡಿಯಲ್ಲಿ ಇನ್ನೊಂದು ಮಾತು, ಕಚೇರಿಯ ಅರ್ಜಿಯಲ್ಲಿ ಮತ್ತೊಂದು ಎಂದು ಬದುಕುವ ನಾವು, ನಮ್ಮ ನುಡಿ ನಮಗೆ ಅಡ್ಡಿಯೋ ಎಂದು ಒಮ್ಮೊಮ್ಮೆ ಅನುಮಾನ ಪಡುತ್ತೇವೆ. ಮಕ್ಕಳು ಕೇಳುತ್ತಾರೆ, ನಮಗೆ ಉತ್ತರ ತೋಚುವುದಿಲ್ಲ. ಅಂಥ ಹೊತ್ತಿನಲ್ಲಿ ಈ ಹಳೆಯ ಹಾಡುಗಳನ್ನು ಅವರಿಗೆ ಕೇಳಿಸಬಹುದು.

ಕೊನೆಯದಾಗಿ ಒಂದು ಮಾತು. ಕೋದಂಡಪಾಣಿಯವರು ಅಂದು ಒಂದು ಟೇಪನ್ನು ಅಳಿಸಬೇಡಿ ಎಂದರು. ನಮ್ಮ ಮನೆಗಳ ಅಟ್ಟದ ಮೇಲೆ, ಹಳೆಯ ಪೆಟ್ಟಿಗೆಗಳಲ್ಲಿ, ಹಿರಿಯರು ತಂದಿಟ್ಟ ಗ್ರಾಮಫೋನ್ ತಟ್ಟೆಗಳೂ ಕ್ಯಾಸೆಟ್ಟುಗಳೂ ಇನ್ನೂ ಉಳಿದಿರಬಹುದು. ಕನ್ನಡದ ಹಳೆಯ ಹಾಡುಗಳಲ್ಲಿ ಎಷ್ಟೋ ಇಂದು ಇಂಥ ಕಡೆ ಮಾತ್ರ ಸಿಗುತ್ತವೆ. ಗುಜರಿಯವನ ಗಾಡಿಗೆ ಹಾಕುವ ಮುನ್ನ ಒಮ್ಮೆ ಧೂಳು ಒರೆಸಿ ಅದರ ಮೇಲಿನ ಹೆಸರನ್ನು ಓದಿ. ಕೇಳುವ ಸಾಧನವಿದ್ದವರಿಗೆ ಕೊಟ್ಟು ಪ್ರತಿ ತೆಗೆಸಿಡಿ. ಹೆಸರಾಗುವ ಮೊದಲಿನ ಯಾವ ಬಾಲು ಅದರೊಳಗೆ ಹಾಡುತ್ತಿದ್ದಾನೋ ಯಾರು ಬಲ್ಲರು!