2017ರ ಮಾರ್ಚ್ 31ರ ನಂತರ ಟಿವಿ ಕಪ್ಪಾದರೆ?

2017ರ ಆರಂಭದಲ್ಲಿ ಒಂದು ದಿನ ಅಸರ್ ನಮಾಝ್ ಮುಗಿಸಿ ಹೊರಗೆ ಬರುವಾಗ ಹೆದ್ದಾರಿ ಬದಿಯ ಹೋಟೆಲಿನ ಕಾಕ ನನ್ನನ್ನು ತಡೆದು ನಿಲ್ಲಿಸಿದರು. "ಉಸ್ತಾದ್, ಒಂದು ಮಸಲ ಕೇಳ್ಲಿಕ್ಕುಂಟು" ಅಂದರು. ಝಕಾತಿನದ್ದೋ ಪಾಲಿನದ್ದೋ ಇರಬೇಕು ಅಂತ ನಾನು ಚಪ್ಪಲಿ ಹಾಕುವುದು ಬಿಟ್ಟು ನಿಂತೆ. ನೋಡಿದರೆ ಟಿವಿಯ ವಿಷಯ! ಕೇಬಲ್‌ನ ಹುಡುಗ ಬಂದು, ಏಪ್ರಿಲ್ ಒಂದರಿಂದ ಏನೂ ಬರಲ್ಲ, ಬಾಕ್ಸ್ ಹಾಕಿಸಬೇಕು, ಹಳೇ ಟಿವಿಗೆ ಬಾಕ್ಸ್ ಕೂರುವುದಿಲ್ಲ, ಹೊಸ ಟಿವಿ ತೆಗೆಯಿರಿ ಅಂತ ಹೇಳಿ ಹೋಗಿದ್ದಾನಂತೆ. "ನೋಟು ಹೋಯಿತು, ಈಗ ಟಿವಿಯೂ ಹೋಯಿತಾ ಉಸ್ತಾದ್?" ಅಂತ ಕೇಳಿದರು. 2016ರ ನವೆಂಬರಿನಲ್ಲಿ ನೋಟು ರದ್ದಾದಾಗ ಗಲ್ಲಾದಲ್ಲಿದ್ದ ಹಣ ಬದಲಿಸಲು ದೇವನಹಳ್ಳಿಯ ಬ್ಯಾಂಕಿನ ಮುಂದೆ ಎರಡು ದಿನ ನಿಂತವರು ಅವರು. ಆ ಕೇಳಿಕೆಯಲ್ಲಿ ಅರ್ಧ ತಮಾಷೆ, ಅರ್ಧ ಹೆದರಿಕೆ.

ಕಾಕನಿಗೆ ಟಿವಿ ಬೇಕಿರುವುದು ತನಗಾಗಿ ಅಲ್ಲ. ಹೋಟೆಲಿನ ಹಿಂದಿನ ಕೋಣೆಯಲ್ಲಿ ಅವರ ಉಮ್ಮ ಇದ್ದಾರೆ. ಉಪ್ಪಿನಂಗಡಿ ಕಡೆಯಿಂದ ಮಗನ ಜೊತೆ ಈ ಆವತಿಗೆ ಬಂದು ಐದಾರು ವರ್ಷ ಆಯಿತು. ಇಲ್ಲಿಯ ಮುಸ್ಲಿಮರು ದಖ್ಖನಿ ಉರ್ದು ಮಾತಾಡುವವರು, ನನ್ನನ್ನೂ 'ಹಜರತ್' ಅಂತಾರೆಯೇ ಹೊರತು ಉಸ್ತಾದ್ ಅನ್ನುವುದಿಲ್ಲ. ಉಳಿದವರದ್ದು ಈ ಕಡೆಯ ಕನ್ನಡ. ಆ ಉಮ್ಮನಿಗೆ ಗೊತ್ತಿರುವುದು ಬ್ಯಾರಿ, ತುಳು, ಸ್ವಲ್ಪ ಮಲಯಾಳಂ. ಹಾಗಾಗಿ ಬೆಳಿಗ್ಗೆಯಿಂದ ಸಂಜೆ ತನಕ ಅವರಿಗೆ ಅರ್ಥ ಆಗುವ ಭಾಷೆಯಲ್ಲಿ ಮಾತಾಡುವುದು ಆ ಕೋಣೆಯ ಟಿವಿ ಒಂದೇ. ಮಲಯಾಳಂ ವಾರ್ತೆ, ಮಲಯಾಳಂ ವಅಳು, ರಮಝಾನಿನಲ್ಲಿ ಚಂದ್ರ ಕಂಡ ಸುದ್ದಿ ಎಲ್ಲ ಅದರಲ್ಲೇ. ಹೊಸ ಟಿವಿಗೆ ಹದಿನೈದು ಸಾವಿರ ಎಲ್ಲಿಂದ ತರುವುದು, ತರದಿದ್ದರೆ ಉಮ್ಮನಿಗೆ ಏನು ಹೇಳುವುದು ಎಂಬುದೇ ಕಾಕನ ಮಸಲ.

ಇದಕ್ಕೆ ಕಿತಾಬು ನೋಡಬೇಕಾಗಿಲ್ಲ. ಹಳೇ ಟಿವಿ ಬಿಸಾಡಬೇಕು ಎಂಬುದು ಸುಳ್ಳು. ಡಬ್ಬದಂಥ ದಪ್ಪ ಟಿವಿಯಾದರೂ ಅದರ ಹಿಂದೆ ಹಳದಿ, ಬಿಳಿ, ಕೆಂಪು ವಯರ್ ಚುಚ್ಚುವ ತೂತುಗಳಿದ್ದರೆ ಸೆಟ್ ಟಾಪ್ ಬಾಕ್ಸ್ ಕೂರುತ್ತದೆ. ಆ ತೂತುಗಳೂ ಇಲ್ಲದ ತೀರಾ ಹಳೇ ಸೆಟ್ ಆದರೆ ಆಂಟೆನಾ ವಯರ್ ಹಾಕುವ ಜಾಗದಿಂದಲೇ ಜೋಡಿಸುವ ದಾರಿ ಉಂಟು. ಯಾರ ಮಾತು ಕೇಳಿಯೂ ಗುಜರಿಗೆ ಹಾಕಬೇಡಿ.

ಆದರೆ ತಾರೀಕು ಮಾತ್ರ ಸುಳ್ಳಾಗಿರಲಿಲ್ಲ. ಕೇಬಲ್ ಟಿವಿಯ 1995ರ ಕಾಯ್ದೆಗೆ 2011ರಲ್ಲಿ ತಿದ್ದುಪಡಿ ಬಂತು. ಕೇಬಲಿನಲ್ಲಿ ಬರುವ ಅನಲಾಗ್ ಸಿಗ್ನಲ್ ನಿಲ್ಲಿಸಿ ಎಲ್ಲವನ್ನೂ ಡಿಜಿಟಲ್ ಮಾಡಬೇಕು, ನಾಲ್ಕು ಹಂತದಲ್ಲಿ ಎಂದು ತೀರ್ಮಾನ ಆಯಿತು. ಮೊದಲು 2012ರ ಅಕ್ಟೋಬರ್ 31ಕ್ಕೆ ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈ. ಎರಡನೆಯದು 2013ರ ಮಾರ್ಚ್ 31ಕ್ಕೆ 38 ನಗರಗಳು, ಅದರಲ್ಲಿ ನಮ್ಮ ರಾಜ್ಯದಿಂದ ಬೆಂಗಳೂರು ಮತ್ತು ಮೈಸೂರು. ಮೂರನೇ ಹಂತದಲ್ಲಿ ಉಳಿದ ಎಲ್ಲ ಪಟ್ಟಣಗಳು, ಮಂಗಳೂರೂ ದೇವನಹಳ್ಳಿಯೂ ಅದರಲ್ಲೇ. 2015ರ ಡಿಸೆಂಬರಿಗೆ ಮುಗಿಯಬೇಕಿದ್ದದ್ದು ಕೋರ್ಟು ಕಚೇರಿ ಅಲೆದು 2017ರ ಜನವರಿ 31ರ ತನಕ ಎಳೆಯಿತು. ನಾಲ್ಕನೆಯದು ಹಳ್ಳಿಗಳದ್ದು. 2016ರ ಡಿಸೆಂಬರ್ 31 ಇದ್ದ ಗಡುವನ್ನು 2017ರ ಮಾರ್ಚ್ 31ಕ್ಕೆ ಮುಂದೆ ಹಾಕಿದ್ದರು. ಆವತಿ ಗ್ರಾಮ ಪಂಚಾಯತ್ ಆದ್ದರಿಂದ ನಾವು ಈ ಹಂತದವರಾಗಿದ್ದೆವು. ಉಪ್ಪಿನಂಗಡಿಯೂ ಕುಂಬ್ರವೂ ಹಾಗೇ. ಘಟ್ಟದ ಮೇಲಿನ ನಮಗೂ ಕೆಳಗಿನ ನಿಮಗೂ ಗಡುವು ಒಂದೇ ಆಗಿತ್ತು.

ಆಗ ಉಳಿದಿದ್ದದ್ದು ಸುಮಾರು ಆರು ವಾರ. ಒಂದು ತಮಾಷೆ ನೋಡಿ, ಇಲ್ಲಿಂದ ದೇವನಹಳ್ಳಿಗೆ ಹತ್ತು ಕಿಲೋಮೀಟರ್ ಕೂಡ ಇಲ್ಲ, ಬೆಂಗಳೂರಿನ ವಿಮಾನಗಳು ನಮ್ಮ ತಲೆ ಮೇಲೆಯೇ ಹೋಗುತ್ತವೆ. ಆ ನಗರಕ್ಕೆ ಡಿಜಿಟಲ್ ಬಂದು ಆಗ ನಾಲ್ಕು ವರ್ಷ ಆಗಿತ್ತು. ಇಲ್ಲಿ ಏನು ಬದಲಾಗುತ್ತಿದೆ ಅಂತ ಕೇಳಿದರೆ ಮಸೀದಿಯ ಜಗಲಿಯಲ್ಲಿ ಕೂತ ಹತ್ತು ಜನರಲ್ಲಿ ಇಬ್ಬರಿಗೆ ಸರಿಯಾಗಿ ಗೊತ್ತಿತ್ತು. ಆ ಇಬ್ಬರೂ ಬೆಂಗಳೂರಿನಲ್ಲಿ ಕೆಲಸಕ್ಕೆ ಹೋಗುವ ಹುಡುಗರು.

ಏನು ಬದಲಾಯಿತು ಅಂತ ಸರಳವಾಗಿ ಹೇಳುತ್ತೇನೆ. ಅಲ್ಲಿಯ ತನಕ ಕೇಬಲ್ ವಯರಿನಲ್ಲಿ ಪ್ರತಿಯೊಂದು ಚಾನೆಲಿಗೂ ಒಂದೊಂದು ಅಗಲದ ದಾರಿ ಬೇಕಿತ್ತು. ದಾರಿ ತುಂಬಿದರೆ ಮುಗಿಯಿತು, ಮತ್ತೆ ಬಂದ ಚಾನೆಲಿಗೆ ಜಾಗ ಇಲ್ಲ. ಯಾವುದು ಇರಬೇಕು, ಯಾವುದು ಬೇಡ ಎಂದು ತೀರ್ಮಾನ ಮಾಡುತ್ತಿದ್ದದ್ದು ಕೇಬಲಿನವನು. ಡಿಜಿಟಲ್ ಅಂದರೆ ಚಿತ್ರ, ಶಬ್ದ ಎರಡನ್ನೂ ಅಂಕೆಗಳಾಗಿ ಮಾಡಿ ಒತ್ತಿ ಕಟ್ಟಿ ಕಳಿಸುವುದು. ಒಂದು ಚಾನೆಲಿನ ಜಾಗದಲ್ಲಿ ಹಲವು ಚಾನೆಲ್ ಹೋಗುತ್ತದೆ. ಆ ಕಟ್ಟನ್ನು ಬಿಚ್ಚಿ ತೋರಿಸುವುದು ಬಾಕ್ಸಿನ ಕೆಲಸ. ಪ್ರತಿ ಬಾಕ್ಸಿಗೂ ಅದರದ್ದೇ ನಂಬರ್ ಇರುತ್ತದೆ, ಎಷ್ಟು ಮನೆಗೆ ಸಂಪರ್ಕ ಇದೆ ಎಂಬ ಲೆಕ್ಕ ಬಚ್ಚಿಡಲಿಕ್ಕೆ ಆಗುವುದಿಲ್ಲ.

ಸರಕಾರಕ್ಕೆ ಅಷ್ಟು ಅವಸರ ಯಾಕಿತ್ತು ಅಂದರೆ ಈ ಲೆಕ್ಕವೂ ಒಂದು ಕಾರಣ. ಅನಲಾಗ್ ಕಾಲದಲ್ಲಿ ಮುನ್ನೂರು ಮನೆಗೆ ವಯರ್ ಎಳೆದು ಐವತ್ತು ಅಂತ ಬರೆಸಿದರೆ ಕೇಳುವವರಿರಲಿಲ್ಲ. ಚಾನೆಲಿನವರಿಗೆ ಹೋಗಬೇಕಾದ ಹಣ, ಸರಕಾರಕ್ಕೆ ಹೋಗಬೇಕಾದ ತೆರಿಗೆ ನಡುವೆಯೇ ಇಂಗುತ್ತಿತ್ತು. ಅಳತೆಯಲ್ಲಿ ಮೋಸ ಮಾಡುವವರ ಬಗ್ಗೆ ಕುರ್‌ಆನಿನಲ್ಲಿ ಒಂದು ಸೂರತ್ತೇ ಇದೆ. ಕೇಬಲಿನವರಿಗೆ ಮಾತ್ರ ಅದನ್ನು ಓದಿ ಹೇಳಿದರೆ ಸಾಲದು. ಪಕ್ಕದ ಮನೆಯ ವಯರಿಗೆ ಗಂಟು ಹಾಕಿ ಪುಕ್ಕಟೆ ನೋಡುವ ಮನೆಗಳು ನಮ್ಮಲ್ಲೂ ಇದ್ದವು. ಅದೂ ಇನ್ನೊಬ್ಬರ ಹಕ್ಕು. ಡಿಜಿಟಲ್ ಆದ ಮೇಲೆ ಆ ಗಂಟು ನಡೆಯುವುದಿಲ್ಲ, ಎರಡು ಟಿವಿ ಇದ್ದರೆ ಎರಡು ಬಾಕ್ಸ್ ಬೇಕು.

ಈಗ ಹಣದ ಮಾತು. ಇದೇ ದೊಡ್ಡ ತಲೆನೋವು. ನಮ್ಮ ಓಣಿಯಲ್ಲೇ ಒಂದು ಮನೆಗೆ ಬಾಕ್ಸಿಗೆ 1200 ಹೇಳಿದವನು ಪಕ್ಕದ ಮನೆಗೆ 1600 ಹೇಳಿದ್ದ. ರಶೀದಿ ಕೇಳಿದರೆ "ಏನ್ ಸಾಬ್ರೇ, ನಮ್ಮೇಲೆ ನಂಬಿಕೆ ಇಲ್ವಾ?" ಅಂತ ನಗುತ್ತಾನೆ. ನಂಬಿಕೆ ಬೇರೆ, ರಶೀದಿ ಬೇರೆ. ಕುರ್‌ಆನಿನ ಅತಿ ಉದ್ದದ ಆಯತ್ತು ಯಾವುದು ಅಂತ ಮದ್ರಸದ ಮಕ್ಕಳನ್ನು ಕೇಳಿ, ಸೂರತುಲ್ ಬಕರದಲ್ಲಿ ಸಾಲದ ವ್ಯವಹಾರ ಬರೆದಿಡಬೇಕು, ಸಾಕ್ಷಿ ಇಡಬೇಕು ಎಂದು ಹೇಳುವ ಆಯತ್ತು ಅಂತ ಹೇಳುತ್ತಾರೆ. ಬರೆಸಿಕೊಳ್ಳುವುದು ಅಪನಂಬಿಕೆ ಅಲ್ಲ.

ಆಗಿನ ಕಾನೂನೂ ಅದನ್ನೇ ಹೇಳುತ್ತಿತ್ತು. ಬಾಕ್ಸ್ ಹಾಕುವಾಗ ಗ್ರಾಹಕರ ಅರ್ಜಿ ತುಂಬಿಸಿ ಒಂದು ಪ್ರತಿ ನಮಗೆ ಕೊಡಬೇಕು. ತಿಂಗಳ ಹಣಕ್ಕೆ ಬಿಲ್, ಕೊಟ್ಟ ಹಣಕ್ಕೆ ರಶೀದಿ ಕೊಡಬೇಕು. ಬಾಕ್ಸನ್ನು ಪೂರ್ತಿ ಹಣ ಕೊಟ್ಟೇ ತೆಗೆಯಬೇಕು ಅಂತಿಲ್ಲ, ಬಾಡಿಗೆಗೆ ಪಡೆಯುವ ದಾರಿಯನ್ನೂ ಇಡಬೇಕು ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್ ಹೇಳಿತ್ತು. 2017ರ ಆರಂಭದಲ್ಲಿ ಇದ್ದ ನಿಯಮದ ಪ್ರಕಾರ ನೂರು ಉಚಿತ ಚಾನೆಲ್‌ಗಳ ಕನಿಷ್ಠ ಕಟ್ಟಿಗೆ ತಿಂಗಳಿಗೆ 100 ರೂಪಾಯಿಗಿಂತ ಹೆಚ್ಚು ತೆಗೆಯುವಂತಿರಲಿಲ್ಲ, ತೆರಿಗೆ ಬೇರೆ. ಹಣ ಕೊಟ್ಟು ನೋಡುವ ಚಾನೆಲ್ ಬೇಕಾದರೆ ಅದರ ಮೇಲೆ ಸೇರುತ್ತಿತ್ತು. ಇಲ್ಲಿ ನಮ್ಮವರು ಒಂದು ವಿಷಯ ಮರೆಯಬಾರದು. ಮಂಗಳೂರು ಕಡೆ ಮಲಯಾಳಂ ಚಾನೆಲ್ ಕೇಳದೆಯೇ ಬರುತ್ತಿತ್ತು. ಬಯಲುಸೀಮೆಯ ಕೇಬಲಿನವನ ಕಟ್ಟಿನಲ್ಲಿ ತೆಲುಗು, ಹಿಂದಿ ಧಾರಾಳ ಇರುತ್ತದೆ, ಮಲಯಾಳಂ ಬೇರೆಯೇ ಕೇಳಬೇಕಾದೀತು. ಹಣ ಕೊಡುವ ಮೊದಲು ಚಾನೆಲ್ ಪಟ್ಟಿ ಕೇಳಿ ನೋಡಿ. ಕಾಕನಿಗೆ ಹಾಗೆ ಹೇಳಿದಾಗಲೇ ಗೊತ್ತಾದದ್ದು, ಅವನು ಹೇಳಿದ್ದ ಕಟ್ಟಿನಲ್ಲಿ ಮಲಯಾಳಂ ಒಂದೂ ಇರಲಿಲ್ಲ. ಹಣ ಕೊಟ್ಟ ಮೇಲೆ ಇದು ಗೊತ್ತಾಗಿದ್ದರೆ ಬಾಕ್ಸ್ ಇದ್ದೂ ಉಮ್ಮನ ಕೋಣೆ ಮೂಕವೇ.

ಮನೆ ಮೇಲೆ ಸ್ವಂತ ಡಿಶ್ ಇದ್ದವರಿಗೆ ಈ ಗಡುವು ಲೆಕ್ಕಕ್ಕಿರಲಿಲ್ಲ, ಅವರದ್ದು ಮೊದಲೇ ಡಿಜಿಟಲ್. ದೂರದರ್ಶನದ ಫ್ರೀ ಡಿಶ್ ಎಂಬುದೂ ಒಂದಿದೆ, 2004ರ ಡಿಸೆಂಬರಿನಲ್ಲಿ ಶುರುವಾದದ್ದು. ಬಾಕ್ಸಿಗೂ ತಟ್ಟೆಗೂ ಒಮ್ಮೆ ಖರ್ಚು ಮಾಡಿದರೆ ತಿಂಗಳ ಬಾಡಿಗೆ ಇಲ್ಲ. ಚಂದನ ಬರುತ್ತದೆ, ಆದರೆ ಹಿಂದಿಯದ್ದೇ ಹೆಚ್ಚು. ವಾರ್ತೆ ಸಾಕು ಎನ್ನುವ ಬಡ ಮನೆಗೆ ಇದು ಒಳ್ಳೆಯದೇ ಅಂತ ನನ್ನ ಅಭಿಪ್ರಾಯ.

ಬೇರೆ ದೇಶಗಳಲ್ಲಿ ಜನರನ್ನು ಹೇಗೆ ತಯಾರು ಮಾಡಿದರು ಅಂತ ನೋಡಿದರೆ ಸ್ವಲ್ಪ ಹೊಟ್ಟೆಕಿಚ್ಚು ಆಗುತ್ತದೆ. ಅಲ್ಲಿ ಬದಲಾದದ್ದು ಆಂಟೆನಾ ಟಿವಿ, ಆದರೂ ಸಮಸ್ಯೆ ಒಂದೇ. ಅಮೆರಿಕದಲ್ಲಿ 2009ರ ಫೆಬ್ರವರಿ 17ಕ್ಕೆ ಇದ್ದ ಗಡುವನ್ನು ಜನ ಇನ್ನೂ ತಯಾರಾಗಿಲ್ಲ ಅಂತಲೇ ಜೂನ್ 12ಕ್ಕೆ ಮುಂದೂಡಿದರು. ಬಾಕ್ಸ್ ಕೊಳ್ಳಲು ಮನೆಗೆ ಎರಡರಂತೆ 40 ಡಾಲರಿನ ಕೂಪನ್ ಸರಕಾರವೇ ಕೊಟ್ಟಿತು. ಬ್ರಿಟನ್ ಇನ್ನೂ ನಿಧಾನ. 2007ರಲ್ಲಿ ವೈಟ್‌ಹೆವನ್ ಎಂಬ ಒಂದು ಸಣ್ಣ ಊರಿನಿಂದ ಶುರು ಮಾಡಿ 2012ರ ಅಕ್ಟೋಬರ್ ತನಕ ಪ್ರದೇಶ ಪ್ರದೇಶವಾಗಿ ಹೋದರು. 75 ದಾಟಿದವರಿಗೆ, ಅಂಗವಿಕಲರಿಗೆ ಮನೆಗೆ ಬಂದು ಬಾಕ್ಸ್ ಜೋಡಿಸಿ, ರಿಮೋಟ್ ಒತ್ತುವುದು ಹೇಗೆ ಅಂತ ಕಲಿಸಿ ಹೋಗುವ ಯೋಜನೆಯೇ ಇತ್ತು. ನಮ್ಮಲ್ಲಿ ಟಿವಿ ಕೆಳಗೆ ಓಡುವ ಅಕ್ಷರದಲ್ಲಿ ಸೂಚನೆ ಬರುತ್ತಿತ್ತು. ಓದಲು ಬಾರದ ಉಮ್ಮಂದಿರಿಗೆ ಅದರಿಂದ ಏನು ಪ್ರಯೋಜನ?

ಆ ಕಲಿಸುವ ಕೆಲಸ ನಮ್ಮ ಮಕ್ಕಳು ಮಾಡಬಹುದು. ಬಾಕ್ಸ್ ಬಂದ ಮನೆಗಳಲ್ಲಿ ನಾನು ಕಂಡ ದೊಡ್ಡ ತೊಂದರೆ ಯಂತ್ರದ್ದಲ್ಲ, ಎರಡು ರಿಮೋಟಿನದ್ದು. ಟಿವಿ 'ಎವಿ'ಯಲ್ಲಿ ಇರಬೇಕು, ಚಾನೆಲ್ ಬದಲಿಸುವುದು ಬಾಕ್ಸಿನ ರಿಮೋಟಿನಲ್ಲಿ. ಗೊತ್ತಿಲ್ಲದೆ ಟಿವಿಯ ರಿಮೋಟ್ ಒತ್ತಿದರೆ ಪರದೆ ನೀಲಿ. ಕರೆಂಟು ಹೋಗಿ ಬಂದ ಮೇಲೆ ಬಾಕ್ಸ್ ಎಚ್ಚರ ಆಗಲು ಒಂದೆರಡು ನಿಮಿಷ ಬೇಕು, ಅಷ್ಟರೊಳಗೆ ಹಾಳಾಯಿತು ಅಂತ ವಯರ್ ಎಲ್ಲ ಕಿತ್ತು ಹಾಕಿದ ಅಜ್ಜಿಯನ್ನು ನಾನೇ ನೋಡಿದ್ದೇನೆ. ಟಿವಿಯ ರಿಮೋಟಿನಲ್ಲಿ ಆನ್ ಮಾಡುವ ಗುಂಡಿಗೆ ಒಂದು ಚುಕ್ಕೆ ಬಣ್ಣ, ಬಾಕ್ಸಿನ ರಿಮೋಟಿಗೆ ಒಂದು ಸುತ್ತು ಟೇಪು ಹಾಕಿಕೊಡಿ. ಆಮೇಲೆ ಗೊಂದಲ ಕಡಿಮೆ.

ಇಷ್ಟೆಲ್ಲ ಹೇಳಿದ ಮೇಲೆ ಒಬ್ಬ ತಾಯಿ ಕೇಳಿದ ಪ್ರಶ್ನೆಗೂ ಉತ್ತರ ಹೇಳಬೇಕು. "ಉಸ್ತಾದ್, ಟಿವಿ ಬಂದ್ ಆದರೆ ನಿಮಗೆ ಖುಷಿ ಅಲ್ವಾ? ಮಕ್ಕಳು ಕಿತಾಬು ಹಿಡಿದಾವು." ನಿಜ ಹೇಳುತ್ತೇನೆ, ಹತ್ತು ವರ್ಷ ಹಿಂದೆ ಕೇಳಿದ್ದರೆ ಹೌದು ಅನ್ನುತ್ತಿದ್ದೆ. ಆದರೆ ನಾನೇ ಟಿವಿ ನೋಡಿ ಬೆಳೆದವನು. ಗಲ್ಫಿನಿಂದ ರಜೆಯಲ್ಲಿ ಬಂದ ನೆರೆಮನೆಯವರು ತಂದಿದ್ದ ಬಣ್ಣದ ಟಿವಿ, ಅಡಿಕೆ ಮರಕ್ಕೆ ಕಟ್ಟಿದ ಆಂಟೆನಾ. 1990ರಲ್ಲಿ ಟಿಪ್ಪು ಸುಲ್ತಾನ್ ಧಾರಾವಾಹಿ ಬರುತ್ತಿದ್ದಾಗ ಅವರ ಜಗಲಿಯಲ್ಲಿ ಕಾಲಿಡಲು ಜಾಗ ಇರಲಿಲ್ಲ. ಒಬ್ಬ ಆಂಟೆನಾ ತಿರುಗಿಸುವುದು, ಒಳಗಿನಿಂದ "ಬಂತು, ಬಂತು, ಹೋಯ್ತು" ಅಂತ ಕೂಗುವುದು. ಕುವೈತ್ ಯುದ್ಧದ ಸಮಯ ಗಂಡ, ಮಗ ಅಲ್ಲಿದ್ದ ಮನೆಯ ಹೆಂಗಸರು ಅದೇ ಜಗಲಿಯಲ್ಲಿ ಹಿಂದಿ ಅರ್ಥ ಆಗದಿದ್ದರೂ ವಾರ್ತೆ ನೋಡುತ್ತಾ ಕೂರುತ್ತಿದ್ದರು. ಆ ಟಿಪ್ಪು ಹುಟ್ಟಿದ ದೇವನಹಳ್ಳಿಯ ಪಕ್ಕದಲ್ಲೇ ಒಂದು ದಿನ ಪಾಠ ಹೇಳುತ್ತೇನೆ ಅಂತ ಆಗ ಯಾರಿಗೆ ಗೊತ್ತಿತ್ತು.

ಆ ತಾಯಿಗೆ ನಾನು ಹೇಳಿದ್ದು ಬೇರೆ. ಅನಲಾಗ್ ಕೇಬಲಿನಲ್ಲಿ ಮನೆಯವರ ಕೈಯಲ್ಲಿ ಏನೂ ಇರಲಿಲ್ಲ, ಅವನು ಕಳಿಸಿದ್ದೆಲ್ಲ ನಡುಮನೆಗೆ ಬರುತ್ತಿತ್ತು. ಬಾಕ್ಸಿನಲ್ಲಿ ಬೀಗ ಉಂಟು. ನಾಲ್ಕು ಅಂಕೆಯ ಗುಟ್ಟಿನ ನಂಬರ್ ಹಾಕಿ ಬೇಡದ ಚಾನೆಲ್ ಮುಚ್ಚಿಡಬಹುದು. ಕಂಪನಿಯವರು ಇಟ್ಟಿರುವ ಸುಲಭದ ನಂಬರನ್ನು ಅಂದೇ ಬದಲಿಸಬೇಕು, ಇಲ್ಲದಿದ್ದರೆ ಮಕ್ಕಳು ಅದನ್ನು ಅರ್ಧ ಗಂಟೆಯಲ್ಲಿ ಕಂಡುಹಿಡಿಯುತ್ತಾರೆ. ಹಣ ಕೊಡುವ ಚಾನೆಲ್ ಆದರೆ ಬೇಡ ಅಂತಲೇ ಬರೆಸಬಹುದು. "ಮೊಬೈಲಿಗೆ ಬೀಗ ಯಾರು ಹಾಕುವುದು ಉಸ್ತಾದ್?" ಅಂತ ಆಕೆ ಮತ್ತೆ ಕೇಳಿದರು. ಅದಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ.

ನಮ್ಮ ಜಮಾಅತಿನವರಲ್ಲಿ ಆಗ ನಾನು ಮಾಡಿದ ವಿನಂತಿ ಇದು. ಮುಂದಿನ ಮೂರು ಜುಮಾಗಳಲ್ಲಿ ನಮಾಝ್ ಆದ ಮೇಲೆ ಎರಡು ನಿಮಿಷ ಈ ವಿಷಯ ಹೇಳಿ. ಒಂಟಿಯಾಗಿರುವ ವಯಸ್ಸಾದವರ ಮನೆ ಯಾವುದು ಅಂತ ಮೊಹಲ್ಲಾದ ಹುಡುಗರಿಗೆ ಗೊತ್ತಿರುತ್ತದೆ, ಅಲ್ಲಿಗೆ ಮೊದಲು ಹೋಗಲಿ. ಐದಾರು ಮನೆಯವರು ಒಟ್ಟಾಗಿ ಕೇಬಲಿನವನ ಬಳಿ ಮಾತಾಡಿದರೆ 1200ಕ್ಕೂ 1600ಕ್ಕೂ ನಡುವಿನ ವ್ಯತ್ಯಾಸ ತಾನೇ ಕರಗುತ್ತದೆ. ನಮ್ಮ ಓಣಿಯಲ್ಲಿ ಕರಗಿತು. ಕೊನೆ ವಾರದ ತನಕ ಕಾಯಬೇಡಿ. ಆಗ ಬಾಕ್ಸಿಗೂ ಬರ, ಜೋಡಿಸುವ ಹುಡುಗರಿಗೂ ಬರ. 2017ರ ಮೇ ಕೊನೆಗೆ ರಮಝಾನ್ ಬರುವುದಿತ್ತು, ಚಂದ್ರನ ಸುದ್ದಿಗೆ ಕಾಯುವ ರಾತ್ರಿ ಬಾಕ್ಸ್ ಹುಡುಕಿ ಓಡುವುದು ಬೇಡ ಅಂತ ಹೇಳಿದ್ದೆ.

ಹೋಟೆಲಿನ ಕಾಕ ಆಮೇಲೆ ಮತ್ತೆ ಸಿಕ್ಕಿದರು. ಹಳೇ ಟಿವಿಯ ಹಿಂದೆ ಟಾರ್ಚು ಹಾಕಿ ನೋಡಿದ್ದಾರೆ, ಮೂರು ತೂತೂ ಇದೆಯಂತೆ. ಮಲಯಾಳಂ ಸೇರಿಸಿದ ಕಟ್ಟು ಬೇರೆ ಕೊಡಲು ಕೇಬಲಿನವನು ಒಪ್ಪಿದ್ದಾನೆ. ಬುಧವಾರ ಬಾಕ್ಸ್ ತರುತ್ತಾನೆ ಅಂದರು. ರಶೀದಿ ಪುಸ್ತಕವನ್ನೂ ತಾ ಅಂತ ಹೇಳಿದ್ದಾರೆ, ಉಮ್ಮನಿಗೆ ರಿಮೋಟ್ ಕಲಿಸಲು ಮದ್ರಸದ ಆರನೇ ತರಗತಿಯ ಇಬ್ಬರು ಹುಡುಗರನ್ನು ನಾನು ಕಳಿಸಬೇಕಂತೆ.